ಪಿಕಪ್ ಗಾಡಿಯ ಮೈಲೇಜ್ ಇಳಿದಾಗ ದೋಷ ಹುಡುಕುವ ಕ್ರಮ

ಲೀಟರಿಗೆ 13 ಕಿಲೋಮೀಟರ್ ಓಡುತ್ತಿದ್ದ ಪಿಕಪ್ ಈಗ 10ಕ್ಕೆ ಇಳಿದಿದೆ ಎಂದು ಗ್ಯಾರೇಜಿಗೆ ಬರುವ ಮಾಲೀಕರ ಮನಸ್ಸಿನಲ್ಲಿ ಸಾಮಾನ್ಯವಾಗಿ ಎರಡು ಅನುಮಾನಗಳು ಮೊದಲೇ ಗಟ್ಟಿಯಾಗಿರುತ್ತವೆ. ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಹೋಗಿದೆ ಎಂಬುದು ಒಂದು, ಚಾಲಕ ಡೀಸೆಲ್ ತೆಗೆಯುತ್ತಿದ್ದಾನೆ ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿ ಹೊರಟರೆ ಸಾವಿರಾರು ರೂಪಾಯಿ ಖರ್ಚಾಗುತ್ತದೆ, ಎರಡನೆಯದನ್ನು ನಂಬಿದರೆ ದುಡಿದು ಬದುಕುವ ಒಬ್ಬ ಮನುಷ್ಯನ ಹೆಸರು ಕೆಡುತ್ತದೆ. ಇವೆರಡಕ್ಕೂ ಕೈಹಾಕುವ ಮೊದಲು ಅಳೆದು ನೋಡಬೇಕಾದ ಸಂಗತಿಗಳು ಹಲವಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಟೈರಿನ ಗಾಳಿ ನೋಡುವ ಗೇಜು, ಒಂದು ನೋಟ್ ಪುಸ್ತಕ ಮತ್ತು ಸ್ವಲ್ಪ ತಾಳ್ಮೆ ಸಾಕು.

ಕರ್ನಾಟಕದ ರಸ್ತೆಗಳಲ್ಲಿ ತರಕಾರಿ, ಹಾಲು, ಸಿಮೆಂಟು, ಗೊಬ್ಬರ ಸಾಗಿಸುವ ಬೊಲೆರೊ ಪಿಕಪ್, ಟಾಟಾ ಯೋಧ, ಅಶೋಕ್ ಲೇಲ್ಯಾಂಡ್ ದೋಸ್ತ್ ಮುಂತಾದ ಗಾಡಿಗಳನ್ನು ಗಮನದಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆಯಲಾಗಿದೆ. ಇವು ಒಂದೂವರೆಯಿಂದ ಎರಡೂವರೆ ಲೀಟರ್ ಸಾಮರ್ಥ್ಯದ ಡೀಸೆಲ್ ಎಂಜಿನ್ ಹೊಂದಿದ್ದು, ಮಾದರಿಗೆ ತಕ್ಕಂತೆ ಒಂದೂಕಾಲು ಟನ್ನಿನಿಂದ ಎರಡು ಟನ್ನಿನವರೆಗೆ ಹೊರುತ್ತವೆ. ಮುಂದೆ ಬರುವ ಲೆಕ್ಕಗಳಲ್ಲಿ ಹೊರೆಯೂ ಸೇರಿ ಸುಮಾರು 3 ಟನ್ ತೂಗುವ ಗಾಡಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಮೊದಲು ಅಂಕಿಯನ್ನೇ ಪರೀಕ್ಷಿಸಬೇಕು

ಮೈಲೇಜ್ ಇಳಿದಿದೆ ಎಂಬ ಮಾತು ಎರಡು ಅಳತೆಗಳ ಮೇಲೆ ನಿಂತಿದೆ: ಎಷ್ಟು ದೂರ ಓಡಿತು ಮತ್ತು ಎಷ್ಟು ಡೀಸೆಲ್ ಕುಡಿಯಿತು. ಈ ಎರಡರಲ್ಲಿ ಯಾವುದು ತಪ್ಪಿದರೂ ಗಾಡಿಯಲ್ಲಿ ಇಲ್ಲದ ದೋಷ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ.

ಡೀಸೆಲ್ ಅಳತೆಗೆ ನಂಬಬಹುದಾದ ವಿಧಾನವೆಂದರೆ ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ ಹಾಕುವುದು. ಟ್ಯಾಂಕ್ ತುಂಬಿಸಿ, ಓಡೋಮೀಟರ್ ಬರೆದುಕೊಂಡು, ಮುಂದಿನ ಸಲ ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನ ಮುಂದೆ ಗಾಡಿಯನ್ನು ಅದೇ ದಿಕ್ಕಿಗೆ ನಿಲ್ಲಿಸಿ ಮತ್ತೆ ತುಂಬಿಸಬೇಕು. ನೆಲ ಒಂದು ಕಡೆಗೆ ವಾಲಿದ್ದರೆ ಟ್ಯಾಂಕಿನೊಳಗಿನ ಮಟ್ಟವೂ ವಾಲುತ್ತದೆ. ಜೊತೆಗೆ ಡೀಸೆಲ್ ನೊರೆಯೇಳುವ ಸ್ವಭಾವದ್ದಾದ್ದರಿಂದ, ಪಂಪನ್ನು ಜೋರಾಗಿ ಬಿಟ್ಟಾಗ ನೊರೆ ತಾಗಿ ಬೇಗ ಕಟ್ ಆಗುತ್ತದೆ, ನಿಧಾನವಾಗಿ ಬಿಟ್ಟಾಗ ಹೆಚ್ಚು ಹಿಡಿಯುತ್ತದೆ. ನಮ್ಮ ಬಂಕುಗಳಲ್ಲಿ ಪಂಪು ತಾನಾಗಿ ಕಟ್ ಆದ ಮೇಲೂ ಮೊತ್ತವನ್ನು ರೌಂಡ್ ಫಿಗರ್ ಮಾಡಲು ಇನ್ನೊಂದಿಷ್ಟು ಹಾಕುವ ರೂಢಿಯಿದೆ. ಒಂದು ಸಲ ಅರ್ಧ ಲೀಟರ್, ಇನ್ನೊಂದು ಸಲ ಒಂದೂಕಾಲು ಲೀಟರ್ ಹೀಗೆ ಸೇರಿದರೆ 30 ಲೀಟರಿನ ಲೆಕ್ಕದಲ್ಲಿ ಶೇಕಡಾ ಎರಡಕ್ಕೂ ಹೆಚ್ಚು ತಪ್ಪು ನುಸುಳುತ್ತದೆ. ಆದ್ದರಿಂದ ಮೊದಲ ಕಟ್‌ಗೇ ನಿಲ್ಲಿಸುವಂತೆ ಹೇಳಿ, ಚಿಲ್ಲರೆ ಎಷ್ಟೇ ಆದರೂ ಹಾಗೆಯೇ ಕೊಡಬೇಕು. ಒಂದೇ ಟ್ಯಾಂಕಿನ ಫಲಿತಾಂಶವನ್ನು ನೋಡಿ ತೀರ್ಮಾನಿಸದೆ ಮೂರು ನಾಲ್ಕು ಟ್ಯಾಂಕುಗಳ ದೂರವನ್ನೆಲ್ಲ ಕೂಡಿಸಿ ಒಟ್ಟು ಲೀಟರಿನಿಂದ ಭಾಗಿಸಿದರೆ ಈ ಸಣ್ಣ ತಪ್ಪುಗಳು ಬಹುಮಟ್ಟಿಗೆ ಕರಗುತ್ತವೆ.

ಬಂಕಿನವರೇ ಕಡಿಮೆ ಹಾಕುತ್ತಿದ್ದಾರೆಯೇ ಎಂಬ ಸಂಶಯವಿದ್ದರೆ, ಮಾಪನ ಇಲಾಖೆಯ ಮುದ್ರೆಯಿರುವ 5 ಲೀಟರ್ ಅಳತೆಪಾತ್ರೆಯಲ್ಲಿ ಹಾಕಿ ತೋರಿಸುವಂತೆ ಕೇಳುವ ಹಕ್ಕು ಗ್ರಾಹಕರಿಗಿದೆ. ಆ ಪರೀಕ್ಷೆಯಲ್ಲಿ ಒಪ್ಪಿತವಾದ ವ್ಯತ್ಯಾಸ 5 ಲೀಟರಿಗೆ 25 ಮಿಲಿಲೀಟರ್, ಅಂದರೆ ಶೇಕಡಾ ಅರ್ಧ ಮಾತ್ರ. ಪಂಪು ಪರೀಕ್ಷೆಯಲ್ಲಿ ಪಾಸಾದರೆ 13ರಿಂದ 10ಕ್ಕೆ ಇಳಿದುದಕ್ಕೆ ಅದು ಕಾರಣವಲ್ಲವೆಂದು ಅಲ್ಲಿಗೇ ಬಿಟ್ಟುಬಿಡಬಹುದು.

ದೂರದ ಅಳತೆಯಲ್ಲಿ ಮೋಸ ಮಾಡುವುದು ಟೈರು. ಓಡೋಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನು, ರಸ್ತೆಯ ಕಿಲೋಮೀಟರುಗಳನ್ನಲ್ಲ. ಸವೆದ ಟೈರಿನ ಸುತ್ತಳತೆ ಕಡಿಮೆಯಿರುವುದರಿಂದ ಅದೇ ದೂರಕ್ಕೆ ಅದು ಹೆಚ್ಚು ಸುತ್ತು ಸುತ್ತುತ್ತದೆ ಮತ್ತು ಮೀಟರ್ ಹೆಚ್ಚು ದೂರ ತೋರಿಸುತ್ತದೆ. ಸುಮಾರು 350 ಮಿಲಿಮೀಟರ್ ತ್ರಿಜ್ಯದ ಟೈರಿನಲ್ಲಿ ರಸ್ತೆಗೆ ತಾಗುವ ಉಬ್ಬು ಅಚ್ಚು, ಅಂದರೆ ಗುಂಡಿ, 7 ಮಿಲಿಮೀಟರ್ ಸವೆದಿದ್ದರೆ ಈ ವ್ಯತ್ಯಾಸ ಶೇಕಡಾ 2 ಆಗುತ್ತದೆ. ಹೊಸ ಟೈರು ಹಾಕಿಸಿದ ವಾರದಲ್ಲೇ ಮೈಲೇಜ್ ಇಳಿಯಿತು ಎಂಬ ದೂರಿನಲ್ಲಿ ಒಂದು ಪಾಲು ಇದೇ ಆಗಿರುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ನೋಡುತ್ತ ಅಥವಾ ಮೊಬೈಲಿನ ಜಿಪಿಎಸ್ ಇಟ್ಟುಕೊಂಡು 50 ಕಿಲೋಮೀಟರ್ ಓಡಿಸಿ ಓಡೋಮೀಟರಿನೊಂದಿಗೆ ಹೋಲಿಸಿದರೆ ತಿದ್ದುಪಡಿ ಎಷ್ಟೆಂದು ಗೊತ್ತಾಗುತ್ತದೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ ವ್ಯಾಪಾರಕ್ಕೆ ಅನುಕೂಲವಾದರೂ ದೋಷ ಹುಡುಕುವಾಗ 100 ಕಿಲೋಮೀಟರಿಗೆ ಎಷ್ಟು ಲೀಟರ್ ಎಂಬ ಲೆಕ್ಕವೇ ಒಳ್ಳೆಯದು, ಏಕೆಂದರೆ ಲೀಟರುಗಳನ್ನು ಕೂಡಬಹುದು, ಕಳೆಯಬಹುದು. ಲೀಟರಿಗೆ 13 ಎಂದರೆ 100 ಕಿಲೋಮೀಟರಿಗೆ 7.7 ಲೀಟರ್, ಲೀಟರಿಗೆ 10 ಎಂದರೆ 10 ಲೀಟರ್. ಅಂದರೆ ನಾವು ಹುಡುಕುತ್ತಿರುವುದು ಪ್ರತಿ 100 ಕಿಲೋಮೀಟರಿನಲ್ಲಿ ಹೆಚ್ಚುವರಿಯಾಗಿ ಖರ್ಚಾಗುತ್ತಿರುವ 2.3 ಲೀಟರ್ ಎಲ್ಲಿಗೆ ಹೋಯಿತು ಎಂಬುದನ್ನು. ಅದು ಒಂದೇ ಜಾಗಕ್ಕೆ ಹೋಗಿರುವುದು ಅಪರೂಪ. ಮೂರು ನಾಲ್ಕು ಕಡೆ ಹಂಚಿಹೋಗಿರುವುದೇ ಹೆಚ್ಚು.

ಕೆಲಸ ಬದಲಾಗಿದೆಯೇ, ಗಾಡಿ ಕೆಟ್ಟಿದೆಯೇ

ಕಂಪನಿಯ ಕರಪತ್ರದಲ್ಲಿರುವ ಮೈಲೇಜನ್ನು ಹೋಲಿಕೆಗೆ ಇಟ್ಟುಕೊಳ್ಳುವುದು ಮೊದಲ ತಪ್ಪು. ಆ ಅಂಕಿ ಬರುವುದು ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ ಗಾಡಿ ನಿಲ್ಲಿಸಿ ಮಾಡುವ ಪರೀಕ್ಷೆಯಿಂದ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಮಾರ್ಪಡಿಸಿದ ಭಾರತೀಯ ಚಾಲನಾ ಚಕ್ರ 1180 ಸೆಕೆಂಡುಗಳದ್ದು, ಅದರ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್. ಅಲ್ಲಿ ಎದುರುಗಾಳಿ ಇಲ್ಲ, ಘಾಟಿ ಇಲ್ಲ, ಮಂಡಿಯ ಮುಂದೆ ಸಾಲಿನಲ್ಲಿ ಕಾಯುವುದೂ ಇಲ್ಲ. ಆದ್ದರಿಂದ ಗಾಡಿಯನ್ನು ಹೋಲಿಸಬೇಕಾದದ್ದು ಅದೇ ಗಾಡಿಯ ಹಳೆಯ ಲೆಕ್ಕದೊಂದಿಗೆ, ಅದೇ ದಾರಿ ಮತ್ತು ಅದೇ ಹೊರೆಯಲ್ಲಿ.

ಹೊರೆ, ವೇಗ, ಏರು ಮತ್ತು ಕಾಯುವಿಕೆ ಈ ನಾಲ್ಕು ಬದಲಾದರೆ ಗಾಡಿಯಲ್ಲಿ ಯಾವ ದೋಷವೂ ಇಲ್ಲದೆ ಎರಡು ಲೀಟರ್ ಹೆಚ್ಚಾಗಬಹುದು. ಇದನ್ನು ಅಂದಾಜು ಮಾಡಲು ಒಂದು ಉಪಯುಕ್ತ ಸೂತ್ರವಿದೆ. ಗಾಡಿಯನ್ನು ಹಿಂದಕ್ಕೆ ಎಳೆಯುವ ಬಲ 100 ನ್ಯೂಟನ್, ಅಂದರೆ ಸುಮಾರು 10 ಕಿಲೋಗ್ರಾಂ ತೂಕದಷ್ಟು ಹೆಚ್ಚಾದರೆ, 100 ಕಿಲೋಮೀಟರಿಗೆ ಸುಮಾರು 0.8ರಿಂದ 0.9 ಲೀಟರ್ ಡೀಸೆಲ್ ಹೆಚ್ಚು ಬೇಕಾಗುತ್ತದೆ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದ್ದು, ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ ಚಕ್ರಕ್ಕೆ ತಲುಪುತ್ತದೆ ಎಂಬ ಲೆಕ್ಕದಿಂದ ಇದು ಬರುತ್ತದೆ. ಈ ಒಂದು ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಪ್ರತಿಯೊಂದು ಅನುಮಾನವನ್ನೂ ಲೀಟರಿನಲ್ಲಿ ತೂಗಿ ನೋಡಬಹುದು.

ವೇಗದಿಂದಲೇ ಆರಂಭಿಸೋಣ. ಗಾಳಿಯ ಎದುರೊತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪಿಕಪ್ ಗಾಡಿಯ ಚೌಕಾಕಾರದ ಮೂತಿಗೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸುಮಾರು 260 ನ್ಯೂಟನ್ ಇರುವ ಈ ಬಲ 80ರಲ್ಲಿ ಸುಮಾರು 470 ನ್ಯೂಟನ್ ಆಗುತ್ತದೆ. ಹೆಚ್ಚಾದ 200 ನ್ಯೂಟನ್ನಿನ ಬೆಲೆ 100 ಕಿಲೋಮೀಟರಿಗೆ ಒಂದೂಮುಕ್ಕಾಲು ಲೀಟರಿನ ಹತ್ತಿರ. ರಸ್ತೆ ಅಗಲವಾಗಿ ನಾಲ್ಕು ಪಥವಾದ ಮೇಲೆ ಮೈಲೇಜ್ ಇಳಿಯಿತು ಎಂದು ಹೇಳುವವರ ಮಾತಿನಲ್ಲಿ ಗೊಂದಲವೇನೂ ಇಲ್ಲ. ರಸ್ತೆ ಒಳ್ಳೆಯದಾದದ್ದರಿಂದ ವೇಗ ಏರಿದೆ, ಅಷ್ಟೇ. ಕ್ಯಾಬಿನ್ನಿಗಿಂತ ಎತ್ತರಕ್ಕೆ ಪೇರಿಸಿದ ಹೊರೆ ಮತ್ತು ಸಡಿಲವಾಗಿ ಬಡಿದಾಡುವ ಟಾರ್ಪಾಲು ಇದನ್ನು ಇನ್ನೂ ಹೆಚ್ಚಿಸುತ್ತವೆ. ಖಾಲಿ ಕ್ರೇಟುಗಳನ್ನು ಆಳೆತ್ತರಕ್ಕೆ ಕಟ್ಟಿಕೊಂಡು ಮರಳುವ ಗಾಡಿ ತೂಕದಲ್ಲಿ ಹಗುರವಾದರೂ ಗಾಳಿಗೆ ಹಗುರವಲ್ಲ.

ಹೊರೆಯ ಲೆಕ್ಕದಲ್ಲಿ ಆಗುವ ಸಾಮಾನ್ಯ ತಪ್ಪನ್ನು ಕೋಲಾರದ ಟೊಮೆಟೊ ಸಾಗಣೆಯಲ್ಲಿ ನೋಡಬಹುದು. ಅಲ್ಲಿ ಬಾಕ್ಸಿನ ಲೆಕ್ಕ 15 ಕಿಲೋಗ್ರಾಮಿನದು. 80 ಬಾಕ್ಸ್ ಹೇರಿದರೆ 1200 ಕಿಲೋಗ್ರಾಂ ಎಂದು ಬಾಯಿಲೆಕ್ಕದಲ್ಲಿ ಹೇಳುತ್ತಾರೆ, ಆದರೆ ಪ್ಲಾಸ್ಟಿಕ್ ಕ್ರೇಟಿನ ತೂಕ ಒಂದೂವರೆಯಿಂದ ಎರಡು ಕಿಲೋಗ್ರಾಂ ಎಂದರೂ ಇನ್ನೂ 120ರಿಂದ 160 ಕಿಲೋಗ್ರಾಂ ಅದರ ಮೇಲೆ ಕೂತಿರುತ್ತದೆ. ಸೀಸನ್ನಿನಲ್ಲಿ 100 ಬಾಕ್ಸ್ ಹೇರಿದಾಗ ಅದು ಒಂದೂವರೆ ಟನ್ ಅಲ್ಲ, ಹತ್ತಿರ ಹತ್ತಿರ 1.7 ಟನ್. ಒಮ್ಮೆ ವೇ ಬ್ರಿಡ್ಜ್ ಹತ್ತಿಸಿ ಚೀಟಿ ತೆಗೆದುಕೊಂಡರೆ ಅಂದಾಜಿಗೆ ಅವಕಾಶವೇ ಇರುವುದಿಲ್ಲ, ಆರ್‌ಸಿ ಪುಸ್ತಕದಲ್ಲಿರುವ ತೂಕದ ಮಿತಿಯೊಳಗೆ ಇದ್ದೇವೆಯೇ ಎಂಬುದೂ ತಿಳಿಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಒಂದೂವರೆ ಟನ್ ಹೊರೆ ಉರುಳುವ ಪ್ರತಿರೋಧವನ್ನು ಸುಮಾರು 150 ನ್ಯೂಟನ್ ಹೆಚ್ಚಿಸುತ್ತದೆ, ಅಂದರೆ 100 ಕಿಲೋಮೀಟರಿಗೆ ಒಂದೂಕಾಲು ಲೀಟರ್. ನಿಂತು ಹೊರಡುವುದು ಹೆಚ್ಚಾದ ಊರೊಳಗಿನ ಓಡಾಟದಲ್ಲಿ ಇದು ಇನ್ನೂ ಹೆಚ್ಚು.

ಏರಿನ ಲೆಕ್ಕ ಇದಕ್ಕಿಂತ ನೇರವಾದದ್ದು. ರಾಷ್ಟ್ರೀಯ ಹೆದ್ದಾರಿ 75 ಬಂಟ್ವಾಳದಿಂದ ಶಿರಾಡಿ ಘಾಟಿ ಹತ್ತಿ, ಹಾಸನ, ಬೆಂಗಳೂರು, ಕೋಲಾರ ದಾಟಿ ಮುಳಬಾಗಿಲಿನ ಆಚೆಗೆ ಹೋಗುತ್ತದೆ. ಇದೇ ಹೆದ್ದಾರಿಯ ಕೋಲಾರದ ಕಡೆ ಓಡುವ ಗಾಡಿಯ ಮೈಲೇಜನ್ನು ಘಾಟಿಯ ಕಡೆ ಓಡುವ ಗಾಡಿಯ ಮೈಲೇಜಿನೊಂದಿಗೆ ಹೋಲಿಸಲಾಗದು. ಮಂಗಳೂರು ಸಮುದ್ರ ಮಟ್ಟದಲ್ಲಿದೆ, ಸಕಲೇಶಪುರ ಸುಮಾರು 950 ಮೀಟರ್ ಎತ್ತರದಲ್ಲಿದೆ. 3 ಟನ್ ತೂಕವನ್ನು 900 ಮೀಟರ್ ಮೇಲಕ್ಕೆತ್ತಲು 26 ಮೆಗಾಜೂಲಿಗೂ ಹೆಚ್ಚು ಶಕ್ತಿ ಬೇಕು, ಡೀಸೆಲಿನ ಲೆಕ್ಕದಲ್ಲಿ ಸುಮಾರು 2.2 ಲೀಟರ್. ಇಳಿಯುವಾಗ ಗೇರಿನಲ್ಲಿಯೇ ಆಕ್ಸಿಲರೇಟರ್ ಬಿಟ್ಟರೆ ಕಾಮನ್ ರೈಲ್ ಎಂಜಿನ್ನಿಗೆ (ಹೆಚ್ಚಿನ ಒತ್ತಡದ ಒಂದೇ ಕೊಳವೆಯಿಂದ ಎಲ್ಲ ನಾಜಲ್ಲುಗಳಿಗೂ ಡೀಸೆಲ್ ಹೋಗುವ ಎಂಜಿನ್) ಡೀಸೆಲ್ ಪೂರೈಕೆ ನಿಲ್ಲುತ್ತದೆ, ಆದರೆ ಏರಲು ಖರ್ಚಾದದ್ದು ಪೂರ್ತಿಯಾಗಿ ಮರಳಿ ಬರುವುದಿಲ್ಲ. ಡೀಸೆಲ್ ಉಳಿಸಲು ಘಾಟಿಯಲ್ಲಿ ನ್ಯೂಟ್ರಲ್ ಹಾಕಿ ಇಳಿಯುವ ಅಭ್ಯಾಸವನ್ನು ಯಾರೂ ಸಮರ್ಥಿಸಬಾರದು. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡಲ್ ಆಗಿ, ಅಂದರೆ ಆಕ್ಸಿಲರೇಟರ್ ಒತ್ತದೆ ತನ್ನಷ್ಟಕ್ಕೆ, ಓಡಲು ಡೀಸೆಲ್ ತೆಗೆದುಕೊಳ್ಳುತ್ತಲೇ ಇರುತ್ತದೆ, ಹೊರೆಯೆಲ್ಲ ಬ್ರೇಕಿನ ಮೇಲೆ ಬಿದ್ದು ಡ್ರಮ್ಮು ಕಾದು ಬ್ರೇಕ್ ಹಿಡಿಯದೇ ಹೋಗುವ ಅಪಾಯವಿದೆ. ಅದರಿಂದ ಉಳಿತಾಯವೂ ಇಲ್ಲ, ಸುರಕ್ಷತೆಯೂ ಇಲ್ಲ.

ಕಾಯುವಿಕೆಯನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ಗಾತ್ರದ ಎಂಜಿನ್ ಐಡಲ್‌ನಲ್ಲಿ ಗಂಟೆಗೆ ಮುಕ್ಕಾಲು ಲೀಟರಿನ ಆಸುಪಾಸು ಡೀಸೆಲ್ ಸುಡುತ್ತದೆ. ಎಪಿಎಂಸಿ ಯಾರ್ಡಿನ ಸಾಲಿನಲ್ಲಿ ಎಂಜಿನ್ ಆರಿಸದೆ ದಿನಕ್ಕೆ ಎರಡು ಗಂಟೆ ಕಳೆದರೆ ಒಂದೂವರೆ ಲೀಟರ್ ಓಡೋಮೀಟರಿಗೆ ಕಾಣದೆ ಹೋಗಿರುತ್ತದೆ. ಸ್ಟಾರ್ಟರ್ ಮೋಟರ್ ಅಥವಾ ಬ್ಯಾಟರಿ ದುರ್ಬಲವಾಗಿದ್ದು, ಆರಿಸಿದರೆ ಮತ್ತೆ ಹತ್ತುವುದಿಲ್ಲ ಎಂಬ ಭಯದಿಂದ ಚಾಲಕರು ಎಂಜಿನ್ ಓಡುತ್ತಲೇ ಬಿಡುವುದುಂಟು. ಅಂಥಲ್ಲಿ ಮೈಲೇಜಿನ ದೋಷಕ್ಕೆ ಔಷಧಿ ಹೊಸ ಬ್ಯಾಟರಿಯೇ ಹೊರತು ನಾಜಲ್ ಅಲ್ಲ. ಇದನ್ನು ತಿಳಿಯಲು ಚಾಲಕರನ್ನು ಆರೋಪಿಯಂತೆ ಪ್ರಶ್ನಿಸದೆ, ದಿನದ ಕೆಲಸ ಹೇಗೆ ನಡೆಯುತ್ತದೆ ಎಂದು ಕೂತು ಕೇಳಬೇಕು.

ಚಕ್ರಗಳು ಸಲೀಸಾಗಿ ಉರುಳುತ್ತಿವೆಯೇ

ಕೆಲಸದಲ್ಲಿ ಬದಲಾವಣೆ ಇಲ್ಲವೆಂದು ಖಚಿತವಾದ ಮೇಲೆ ಗಾಡಿಯ ಕಡೆಗೆ ತಿರುಗಬೇಕು, ಅದರಲ್ಲೂ ಎಂಜಿನ್ನಿಗಿಂತ ಮೊದಲು ಚಕ್ರಗಳ ಕಡೆಗೆ. ಇಲ್ಲಿನ ದೋಷಗಳು ಹೆಚ್ಚು ಸಾಮಾನ್ಯ ಮತ್ತು ಇವುಗಳ ಪರೀಕ್ಷೆಗೆ ಖರ್ಚಿಲ್ಲ, ಆದರೂ ಗ್ಯಾರೇಜುಗಳಲ್ಲಿ ಇವನ್ನು ಕೊನೆಗೆ ನೋಡುವ ರೂಢಿ ಬೆಳೆದಿರುವುದು ನನಗೆ ಸರಿ ಕಾಣುವುದಿಲ್ಲ.

ಗಾಳಿಯ ಒತ್ತಡವನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲು, ಟೈರು ತಣ್ಣಗಿರುವಾಗ ನೋಡಬೇಕು. ಬಾಗಿಲಿನ ಕಂಬದ ಮೇಲಿರುವ ಪಟ್ಟಿಯಲ್ಲಿ ಖಾಲಿ ಮತ್ತು ತುಂಬಿದ ಗಾಡಿಗೆ, ಮುಂದಿನ ಮತ್ತು ಹಿಂದಿನ ಟೈರುಗಳಿಗೆ ಬೇರೆ ಬೇರೆ ಒತ್ತಡ ಕೊಟ್ಟಿರುತ್ತಾರೆ. ತುಂಬಿದ ಗಾಡಿಯ ಹಿಂದಿನ ಟೈರಿಗೆ ಗಣನೀಯವಾಗಿ ಹೆಚ್ಚು ಗಾಳಿ ಬೇಕು. ಓಡಿ ಬಂದ ಬಿಸಿ ಟೈರಿನಲ್ಲಿ ಒತ್ತಡ ಏರಿರುವುದರಿಂದ ಮಧ್ಯಾಹ್ನ ಬಂಕಿನಲ್ಲಿ ಸರಿಯಾಗಿ ಕಂಡ ಅಂಕಿ ಬೆಳಗಿನ ಹೊತ್ತಿಗೆ ಕಡಿಮೆಯೇ ಆಗಿರುತ್ತದೆ. ಟೈರು ಬದಲಿಸಿದ್ದರೆ ಅದರ ಜಾತಿಯನ್ನೂ ಕೇಳಬೇಕು: ರೇಡಿಯಲ್ ತೆಗೆದು ನೈಲಾನ್ ಟೈರು ಹಾಕಿದ್ದರೆ, ಅಥವಾ ದಪ್ಪ ಗುಂಡಿಯ ಟೈರು ಹಾಕಿದ್ದರೆ, ಉರುಳುವ ಪ್ರತಿರೋಧ ಏರಿರುತ್ತದೆ.

ಅಲೈನ್‌ಮೆಂಟ್ ತಪ್ಪಿದೆಯೇ ಎಂಬುದನ್ನು ಯಂತ್ರಕ್ಕೆ ಹಾಕುವ ಮೊದಲೇ ಅಂಗೈಯಿಂದ ತಿಳಿಯಬಹುದು. ಮುಂದಿನ ಟೈರಿನ ಗುಂಡಿಗಳ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ ಸವರಬೇಕು. ಒಂದು ದಿಕ್ಕಿನಲ್ಲಿ ನಯವಾಗಿಯೂ ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ಒರಟಾಗಿಯೂ ಸಿಕ್ಕಿದರೆ ಟೋ, ಅಂದರೆ ಎರಡು ಮುಂದಿನ ಚಕ್ರಗಳು ಪರಸ್ಪರ ನೇರವಾಗಿ ನಿಲ್ಲುವ ಕೋನ, ತಪ್ಪಿದೆ ಎಂದರ್ಥ. ಆ ಟೈರು ಉರುಳುವುದರ ಜೊತೆಗೆ ಪ್ರತಿ ಮೀಟರಿಗೂ ಸ್ವಲ್ಪ ಅಡ್ಡಕ್ಕೆ ಉಜ್ಜುತ್ತ ಸಾಗುತ್ತಿರುತ್ತದೆ. ಅಲೈನ್‌ಮೆಂಟ್ ಮಾಡಿಸುವ ಮೊದಲು ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಮತ್ತು ಹಬ್ ಬೇರಿಂಗುಗಳಲ್ಲಿ ಆಟವಿಲ್ಲವೆಂದು ನೋಡಿಕೊಳ್ಳದಿದ್ದರೆ ಮಾಡಿಸಿದ ಕೆಲಸ ನಿಲ್ಲುವುದಿಲ್ಲ.

ಈ ಭಾಗದಲ್ಲಿ ಅತಿ ಹೆಚ್ಚು ಗಮನ ಕೊಡಬೇಕಾದದ್ದು ಬ್ರೇಕ್ ಹಿಡಿದುಕೊಂಡಿರುವ ದೋಷಕ್ಕೆ. ಒಂದು ಚಕ್ರದಲ್ಲಿ ಬ್ರೇಕ್ 100 ನ್ಯೂಟನ್ನಿನಷ್ಟು ಎಳೆಯುತ್ತಿದ್ದರೆ ಚಾಲಕರಿಗೆ ಅದು ಗೊತ್ತಾಗುವುದೇ ಇಲ್ಲ, ಗಾಡಿ ಒಂದು ಕಡೆಗೆ ಎಳೆಯುವುದೂ ಇಲ್ಲ. ಆದರೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಆ ಡ್ರಮ್ಮಿನೊಳಗೆ ಒಂದೂವರೆ ಕಿಲೋವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತಿರುತ್ತದೆ. ಬಕೆಟ್ಟಿನ ಸ್ನಾನದ ನೀರು ಕಾಯಿಸುವ ರಾಡನ್ನು ದಾರಿಯುದ್ದಕ್ಕೂ ಆ ಚಕ್ರದೊಳಗೆ ಉರಿಸಿಟ್ಟ ಹಾಗೆ. ಈ ಶಾಖವೇ ದೋಷವನ್ನು ಬಯಲು ಮಾಡುತ್ತದೆ. ಹತ್ತು ಹದಿನೈದು ಕಿಲೋಮೀಟರ್ ದೂರ, ಸಾಧ್ಯವಾದಷ್ಟು ಬ್ರೇಕ್ ಒತ್ತದೆ ಓಡಿಸಿ, ಕೊನೆಯಲ್ಲಿ ಗೇರಿನಿಂದಲೇ ವೇಗ ಇಳಿಸಿ ನಿಲ್ಲಿಸಿ, ತಕ್ಷಣ ನಾಲ್ಕೂ ಚಕ್ರಗಳ ಹಬ್ ಮತ್ತು ಡ್ರಮ್ಮಿನ ಉಷ್ಣತೆಯನ್ನು ನೋಡಬೇಕು. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಂಗೈಯನ್ನು ಮುಟ್ಟಿಸದೆ ರಿಮ್ಮಿನ ಹತ್ತಿರ ಹಿಡಿದರೂ ವ್ಯತ್ಯಾಸ ತಿಳಿಯುತ್ತದೆ. ಎಡ ಮತ್ತು ಬಲಗಳ ನಡುವೆ ಎದ್ದು ಕಾಣುವ ವ್ಯತ್ಯಾಸವಿದ್ದರೆ ಬಿಸಿಯಾದ ಕಡೆಯ ಬ್ರೇಕ್ ಅಥವಾ ಬೇರಿಂಗು ತಪ್ಪಿತಸ್ಥ.

ಬಿಸಿಯಾದ ಚಕ್ರವನ್ನು ಜ್ಯಾಕ್ ಏರಿಸಿ ಕೈಯಿಂದ ತಿರುಗಿಸಿ ನೋಡಬೇಕು. ಬಿಗಿಯಾಗಿದ್ದರೆ ಮೊದಲು ಹ್ಯಾಂಡ್ ಬ್ರೇಕ್ ಕೇಬಲ್ ಬಿಚ್ಚಿ ಮತ್ತೆ ತಿರುಗಿಸಬೇಕು. ಆಗ ಸಡಿಲವಾದರೆ ಕೆಸರು ಮತ್ತು ತುಕ್ಕಿನಿಂದ ಕೇಬಲ್ ಕವಚದೊಳಗೆ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿಯಬಹುದು. ಮಳೆಗಾಲ ಮುಗಿದ ಮೇಲೆ ಇದು ಹೆಚ್ಚು. ಇನ್ನೂ ಬಿಗಿಯಾಗಿಯೇ ಇದ್ದರೆ ಆ ಚಕ್ರದ ಬ್ರೇಕ್ ಎಣ್ಣೆಯನ್ನು ಹೊರಬಿಡುವ ಬ್ಲೀಡ್ ಸ್ಕ್ರೂವನ್ನು ಒಂದು ಕ್ಷಣ ಸಡಿಲಿಸಬೇಕು. ಎಣ್ಣೆ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಹಿಂದಕ್ಕೆ ಹೋಗುತ್ತಿಲ್ಲ. ಊದಿಕೊಂಡ ಬ್ರೇಕ್ ಹೋಸು ಅಥವಾ ಮಾಸ್ಟರ್ ಸಿಲಿಂಡರನ್ನು ನೋಡಬೇಕು. ಸಡಿಲವಾಗದಿದ್ದರೆ ದೋಷ ಡ್ರಮ್ಮಿನೊಳಗಿನದು: ವೀಲ್ ಸಿಲಿಂಡರ್, ರಿಟರ್ನ್ ಸ್ಪ್ರಿಂಗ್ ಅಥವಾ ಅತಿಯಾಗಿ ಬಿಗಿಮಾಡಿದ ಶೂ. ಹೊಸ ಲೈನರ್ ಹಾಕಿಸಿದ ಮೇಲೆ ಮೈಲೇಜ್ ಇಳಿದಿದ್ದರೆ ಈ ಕೊನೆಯದೇ ಮೊದಲ ಅನುಮಾನ. ಬ್ಲೀಡ್ ಸ್ಕ್ರೂ ಮುಟ್ಟಿದ ಮೇಲೆ ಗಾಳಿ ತೆಗೆದು, ಎಣ್ಣೆಯ ಮಟ್ಟ ನೋಡಿ, ಬ್ರೇಕ್ ಪರೀಕ್ಷಿಸಿದ ನಂತರವೇ ಗಾಡಿಯನ್ನು ರಸ್ತೆಗೆ ಬಿಡಬೇಕು.

ಇಷ್ಟಾದ ಮೇಲೆ ಒಟ್ಟಾರೆ ಪರೀಕ್ಷೆಯಾಗಿ, ವಾಹನ ಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ 60ರಿಂದ ನ್ಯೂಟ್ರಲ್‌ಗೆ ಬಿಟ್ಟು 40ಕ್ಕೆ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತೆಂದು ಎರಡೂ ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಬಹುದು. ಈ ಸಮಯ ಗಾಡಿಯಿಂದ ಗಾಡಿಗೆ, ಹೊರೆಯಿಂದ ಹೊರೆಗೆ ಬೇರೆಯಾಗುವುದರಿಂದ, ಗಾಡಿ ಚೆನ್ನಾಗಿರುವಾಗಲೇ ಖಾಲಿ ಗಾಡಿಯ ಅಂಕಿಯನ್ನು ಬರೆದಿಟ್ಟುಕೊಂಡಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಆ ಸಮಯ ಕಡಿಮೆಯಾಗಿದ್ದರೆ ದೋಷ ಚಕ್ರಗಳ ಕಡೆಯದು. ಬದಲಾಗದೆ ಇದ್ದರೆ ಎಂಜಿನ್ನಿನ ಕಡೆ ಹೋಗಬಹುದು.

ಎಂಜಿನ್ನಿನ ಕಡೆ

ಕ್ಲಚ್ ಜಾರುತ್ತಿದೆಯೇ ಎಂಬುದನ್ನು ಮೊದಲು ನೋಡುವುದು ಸುಲಭ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ನಾಲ್ಕನೆಯ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟು ಮುಗಿದಿದೆ.

ಏರ್ ಫಿಲ್ಟರಿನ ಮೇಲೆ ಇರುವ ಅನುಮಾನ ಅದರ ಪಾಲಿಗಿಂತ ಹೆಚ್ಚು. ಇಂದಿನ ಟರ್ಬೊ ಡೀಸೆಲ್‌ಗಳಲ್ಲಿ ಸ್ವಲ್ಪ ಮಟ್ಟಿಗೆ ಕೊಳೆಯಾದ ಫಿಲ್ಟರು ಮೈಲೇಜನ್ನು ಕಾಣುವಷ್ಟು ಇಳಿಸುವುದಿಲ್ಲ. ಕಲ್ಲು ಕ್ವಾರಿ ಅಥವಾ ಮಣ್ಣುರಸ್ತೆಯ ಧೂಳಿನಲ್ಲಿ ಪೂರ್ತಿ ಕಟ್ಟಿಕೊಂಡಾಗ ಎಳೆತ ಕಡಿಮೆಯಾಗಿ ಕಪ್ಪು ಹೊಗೆ ಬರುತ್ತದೆ. ಕಂಪ್ರೆಸರ್ ಗಾಳಿಯನ್ನು ಹೊರಗಿನಿಂದ ಹೊಡೆದರೆ ಧೂಳು ಕಾಗದದೊಳಕ್ಕೆ ನುಗ್ಗುತ್ತದೆ. ಹೊಡೆಯಲೇಬೇಕಾದರೆ ಒಳಗಿನಿಂದ ಹೊರಕ್ಕೆ, ಮೆಲ್ಲಗೆ ಹೊಡೆಯಬೇಕು. ಫಿಲ್ಟರಿಗಿಂತ ಹೆಚ್ಚು ಗಮನ ಬೇಕಾದದ್ದು, ಗಾಳಿಯನ್ನು ಒತ್ತಿ ತುಂಬುವ ಟರ್ಬೊದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸುಗಳಿಗೆ. ಇವು ಸೀಳುವುದು ಸಾಮಾನ್ಯವಾಗಿ ಕ್ಲಿಪ್ಪಿನ ಪಕ್ಕದಲ್ಲಿ, ಕೆಳಭಾಗದಲ್ಲಿ, ಮೇಲಿನಿಂದ ನೋಡಿದರೆ ಕಾಣದ ಕಡೆ. ಅಲ್ಲಿ ಎಣ್ಣೆ ಜಿನುಗಿ ಧೂಳು ಅಂಟಿದ ಕಪ್ಪು ಕಲೆ ಇರುತ್ತದೆ, ಏರಿನಲ್ಲಿ ಎಳೆಯುವಾಗ ಸುಯ್ಯೆಂಬ ಸದ್ದು ಕೇಳಿಸುತ್ತದೆ. ಒತ್ತಡ ಸೋರಿಹೋಗುವುದರಿಂದ ಎಳೆತ ಕುಗ್ಗಿ, ಚಾಲಕರು ಅದೇ ಕೆಲಸಕ್ಕೆ ಹೆಚ್ಚು ಆಕ್ಸಿಲರೇಟರ್ ಕೊಟ್ಟು ಕೆಳಗಿನ ಗೇರಿನಲ್ಲಿ ಓಡಿಸಬೇಕಾಗುತ್ತದೆ.

ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟ್ಯಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುವುದು ಬಹಳ ಕಾಲ ಯಾರ ಕಣ್ಣಿಗೂ ಬೀಳದ ದೋಷ, ಏಕೆಂದರೆ ಎಂಜಿನ್ ಕಾಯುವುದಿಲ್ಲ ಎಂಬುದನ್ನು ಯಾರೂ ದೂರಾಗಿ ಹೇಳುವುದಿಲ್ಲ. ಬಿಸಿಯಾಗುತ್ತಿದೆ ಎಂಬ ಭಯದಿಂದ ಅದನ್ನು ಕಿತ್ತೇ ಹಾಕಿರುವ ಗಾಡಿಗಳೂ ಇವೆ. ಎಂಜಿನ್ ತನ್ನ ಸರಿಯಾದ ಉಷ್ಣತೆಯನ್ನು ಮುಟ್ಟದಿದ್ದರೆ ಆಯಿಲ್ ಗಟ್ಟಿಯಾಗಿಯೇ ಇದ್ದು ಘರ್ಷಣೆ ಹೆಚ್ಚುತ್ತದೆ, ಎಂಜಿನ್ನಿನ ಕಂಪ್ಯೂಟರ್ ತಣ್ಣನೆಯ ಎಂಜಿನ್ನಿನ ಲೆಕ್ಕದಲ್ಲಿಯೇ ಡೀಸೆಲ್ ಕೊಡುತ್ತಿರುತ್ತದೆ. ಪರೀಕ್ಷೆ ಸರಳ: ಬೆಳಿಗ್ಗೆ ತಣ್ಣಗಿರುವ ಎಂಜಿನ್ ಶುರು ಮಾಡಿ ರೇಡಿಯೇಟರಿನ ಮೇಲಿನ ಹೋಸನ್ನು ಮುಟ್ಟಿ ನೋಡುತ್ತಿರಬೇಕು. ಥರ್ಮೋಸ್ಟ್ಯಾಟ್ ಚೆನ್ನಾಗಿದ್ದರೆ ಹೋಸು ಬಹಳ ಹೊತ್ತು ತಣ್ಣಗಿದ್ದು, ಗೇಜಿನ ಮುಳ್ಳು ಮೇಲೇರಿದ ನಂತರ ತಟ್ಟನೆ ಬಿಸಿಯಾಗುತ್ತದೆ. ಶುರುವಾದಾಗಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತ ಬಂದರೆ ಥರ್ಮೋಸ್ಟ್ಯಾಟ್ ಮುಚ್ಚುತ್ತಿಲ್ಲ. ಎಂಜಿನ್ನಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಇದ್ದರೆ ಅರ್ಧ ಗಂಟೆ ಓಡಿದ ಮೇಲೂ ಕೂಲೆಂಟ್ ಉಷ್ಣತೆ 80 ಡಿಗ್ರಿ ದಾಟದಿರುವುದನ್ನು ನೇರವಾಗಿ ನೋಡಬಹುದು. ಈ ಭಾಗದ ಬೆಲೆ ಒಂದು ಟ್ಯಾಂಕ್ ಡೀಸೆಲಿಗಿಂತ ಬಹಳ ಕಡಿಮೆ. ವಿಸ್ಕಸ್ ಫ್ಯಾನ್ (ಬಿಸಿ ಹೆಚ್ಚಾದಾಗ ಮಾತ್ರ ಜೋರಾಗಿ ತಿರುಗುವ ಫ್ಯಾನ್) ಇರುವ ಗಾಡಿಗಳಲ್ಲಿ ಅದು ಬಿಗಿದುಕೊಂಡು ಸದಾ ಜೋರಾಗಿ ತಿರುಗುತ್ತಿದ್ದರೂ ಇದೇ ಬಗೆಯ ನಷ್ಟವಾಗುತ್ತದೆ. ವೇಗ ಏರಿಸಿದಂತೆಲ್ಲ ಏರುವ ಭೋರ್ಗರೆತವೇ ಅದರ ಗುರುತು.

ನಾಜಲ್‌ಗಳ ಸರದಿ ಇಲ್ಲಿಗೆ ಬರುತ್ತದೆ. ಪ್ರತಿಯೊಂದು ನಾಜಲಿನ ರಿಟರ್ನ್ ಪೈಪಿಗೆ, ಅಂದರೆ ಸಿಂಪಡಿಸದೆ ಉಳಿದ ಡೀಸೆಲ್ ಮರಳಿ ಹೋಗುವ ಪೈಪಿಗೆ, ಒಂದೊಂದು ಪಾರದರ್ಶಕ ಬಾಟಲಿ ಜೋಡಿಸಿ, ಎಂಜಿನ್ನನ್ನು ಕೆಲವು ನಿಮಿಷ ಐಡಲ್‌ನಲ್ಲಿ ಓಡಿಸಿ, ಬಾಟಲಿಗಳಲ್ಲಿ ಸೇರಿದ ಡೀಸೆಲಿನ ಮಟ್ಟಗಳನ್ನು ಹೋಲಿಸಿದರೆ ಒಳಗೆ ಸೋರುತ್ತಿರುವ ನಾಜಲ್ ಯಾವುದೆಂದು ತಿಳಿಯುತ್ತದೆ. ಒಂದು ಮಾತ್ರ ಉಳಿದವುಗಳಿಗಿಂತ ಬಹಳ ಹೆಚ್ಚು ತುಂಬಿದ್ದರೆ ಆ ಒಂದನ್ನು ನಾಜಲ್ ದುರಸ್ತಿ ಮಾಡುವ ಪಂಪ್ ರೂಮಿಗೆ ಕಳುಹಿಸಬೇಕು, ನಾಲ್ಕನ್ನೂ ಬದಲಿಸಬೇಕಾಗಿಲ್ಲ. ಕಾಮನ್ ರೈಲಿನ ಪೈಪುಗಳಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಎಂಜಿನ್ ಓಡುತ್ತಿರುವಾಗ ಆ ಪೈಪುಗಳ ನಟ್ಟನ್ನು ಸಡಿಲಿಸುವುದಾಗಲಿ, ಸೋರಿಕೆ ಹುಡುಕಲು ಬೆರಳು ಹಿಡಿಯುವುದಾಗಲಿ ಕೂಡದು. ಆ ಸಣ್ಣ ಧಾರೆ ಚರ್ಮವನ್ನು ತೂರಿ ಒಳಹೊಕ್ಕು ಬೆರಳನ್ನೇ ಕಳೆದುಕೊಳ್ಳುವಂತಾಗಬಹುದು.

ಡಿಪಿಎಫ್ ಇರುವ ಬಿಎಸ್‌6 ಗಾಡಿಗಳು

2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಮಾನದಂಡವಾದ ಬಿಎಸ್‌6 ಜಾರಿಗೆ ಬಂದ ನಂತರದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಮಸಿ ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸಿ, ಹೊಗೆಯ ಉಷ್ಣತೆಯನ್ನು 600 ಡಿಗ್ರಿಯ ಹತ್ತಿರಕ್ಕೆ ಏರಿಸಿ ಅದನ್ನು ಸುಟ್ಟು ಹಾಕುತ್ತದೆ. ಹೆದ್ದಾರಿಯಲ್ಲಿ ಓಡುವ ಗಾಡಿಗೆ ಇದು ತೊಂದರೆಯಲ್ಲ. ಊರೊಳಗೆ ಗ್ಯಾಸ್ ಸಿಲಿಂಡರ್ ಅಥವಾ ನೀರಿನ ಕ್ಯಾನ್ ಹಂಚುವ ಗಾಡಿಯಲ್ಲಿ ಈ ಸುಡುವಿಕೆ ಮುಗಿಯುವ ಮೊದಲೇ ಎಂಜಿನ್ ಆರುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ಅರ್ಧಕ್ಕೆ ನಿಲ್ಲುತ್ತದೆ. ಪ್ರತಿಸಲವೂ ಸಿಂಪಡಿಸಿದ ಡೀಸೆಲ್ ವ್ಯರ್ಥ, ಅದರಲ್ಲಿ ಒಂದು ಭಾಗ ಸಿಲಿಂಡರಿನ ಗೋಡೆಯಿಂದ ಜಾರಿ ಎಂಜಿನ್ ಆಯಿಲ್ ಸೇರುತ್ತದೆ. ಆದ್ದರಿಂದ ಡಿಪ್ ಸ್ಟಿಕ್ ಎಳೆದು ನೋಡಬೇಕು. ಆಯಿಲ್ ಮಟ್ಟ ಮೇಲಿನ ಗೆರೆಯನ್ನೂ ದಾಟಿ ಏರಿದ್ದರೆ, ಬೆರಳಿಗೆ ತೆಳ್ಳಗೆ ಅನ್ನಿಸಿ ಡೀಸೆಲ್ ವಾಸನೆ ಬಂದರೆ, ಕಾಣೆಯಾದ ಲೀಟರುಗಳಲ್ಲಿ ಕೆಲವು ಸಿಕ್ಕಿದಂತೆಯೇ. ಅಂಥ ಆಯಿಲಿನಲ್ಲಿ ಗಾಡಿ ಓಡಿಸುವುದನ್ನು ನಿಲ್ಲಿಸಿ, ಆಯಿಲ್ ಬದಲಿಸಿ, ಸ್ಕ್ಯಾನರಿನ ಮೂಲಕ ರೀಜನರೇಶನ್, ಅಂದರೆ ಮಸಿ ಸುಡುವ ಕೆಲಸ, ಪೂರ್ತಿ ಮಾಡಿಸಬೇಕು. ಆಮೇಲೆ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸುವ ವ್ಯವಸ್ಥೆ ಮಾಡಿಕೊಳ್ಳಬೇಕು. ಜಾಲರಿಯನ್ನು ಒಡೆದು ತೆಗೆಸುವುದು ಕಾನೂನಿಗೂ ವಿರುದ್ಧ, ಊರಿನವರ ಉಸಿರಿಗೂ ಕೇಡು.

ಸೋರಿಕೆ ಮತ್ತು ಮರು ಅಳತೆ

ಡೀಸೆಲ್ ಫಿಲ್ಟರಿನ ಸುತ್ತ, ಟ್ಯಾಂಕಿನ ಹೋಸುಗಳ ತುದಿಯಲ್ಲಿ, ರಿಟರ್ನ್ ಪೈಪಿನ ಕ್ಲಿಪ್ಪುಗಳಲ್ಲಿ ತೇವದ ಮೇಲೆ ಧೂಳು ಕೂತ ಗುರುತು ಇದೆಯೇ ಎಂದು ಬೆಳಕು ಬಿಟ್ಟು ನೋಡಬೇಕು. ಡೀಸೆಲ್ ಬೇಗ ಆವಿಯಾಗದ ಕಾರಣ ಸಣ್ಣ ಸೋರಿಕೆಯೂ ಕಲೆ ಬಿಟ್ಟಿರುತ್ತದೆ. ನಿಂತ ಗಾಡಿಯಿಂದ ಡೀಸೆಲ್ ಹೋಗುತ್ತಿದೆ ಎಂಬ ಅನುಮಾನವಿದ್ದರೆ ಸಂಜೆ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಬೆಳಿಗ್ಗೆ ಅದೇ ಪಂಪಿನಲ್ಲಿ ಮತ್ತೆ ಮೊದಲ ಕಟ್‌ವರೆಗೆ ಹಾಕಿಸಿದರೆ ಎಷ್ಟು ಹಿಡಿಯಿತೆಂಬುದೇ ಉತ್ತರ ಹೇಳುತ್ತದೆ. ಹೊರೆ, ದಾರಿ, ಚಕ್ರ, ಎಂಜಿನ್ ಎಲ್ಲವನ್ನೂ ಲೀಟರಿನಲ್ಲಿ ಲೆಕ್ಕ ಹಾಕಿದ ಮೇಲೂ ದೊಡ್ಡ ಮೊತ್ತ ಉಳಿದರೆ ಮಾತ್ರ, ಆ ಲೆಕ್ಕವನ್ನು ಚಾಲಕರ ಮುಂದೆಯೇ ಇಟ್ಟು ಮಾತಾಡುವುದು ನ್ಯಾಯ. ಅನುಭವಿ ಚಾಲಕರು ಆ ಪಟ್ಟಿಯನ್ನು ನೋಡಿ ನಮಗೆ ಹೊಳೆಯದ ಕಾರಣವನ್ನು ತಾವೇ ಹೇಳುವುದುಂಟು.

ದುರಸ್ತಿ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಟೈರು, ಫಿಲ್ಟರು, ನಾಜಲ್ ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದು ಕೆಟ್ಟಿತ್ತು ಎಂಬುದು ಗೊತ್ತಾಗದೆ ಮುಂದಿನ ಸಲವೂ ಅಷ್ಟೂ ಖರ್ಚು ಮಾಡಬೇಕಾಗುತ್ತದೆ. ಪ್ರತಿ ಬದಲಾವಣೆಯ ನಂತರ ಅದೇ ದಾರಿಯಲ್ಲಿ, ಹೆಚ್ಚುಕಡಿಮೆ ಅದೇ ಹೊರೆಯಲ್ಲಿ ಕನಿಷ್ಠ ಎರಡು ಟ್ಯಾಂಕ್ ಓಡಿಸಿ ಲೆಕ್ಕ ತೆಗೆಯಬೇಕು. ಟ್ಯಾಂಕ್ ತುಂಬಿಸುವ ವಿಧಾನದಲ್ಲಿಯೇ ಶೇಕಡಾ ಮೂರರವರೆಗೆ ಏರಿಳಿತ ಇರುವುದರಿಂದ, ಅದಕ್ಕಿಂತ ಚಿಕ್ಕ ವ್ಯತ್ಯಾಸವನ್ನು ಸುಧಾರಣೆ ಎಂದೂ ಬರೆಯಬಾರದು, ಹೊಸ ದೋಷ ಎಂದೂ ಬರೆಯಬಾರದು.